ತೆಗೆದುಹಾಕುವುದಕ್ಕೆ ಎರಡು ಪದ

“ಮೂರು ವರ್ಷದ ಹಿಂದೆ ನಾನು ಲೈಸೆನ್ಸ್ಡ್ ಆದೆ,” ಎಂದು ಜೋಸಿಯಾನ್ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಉದ್ದದ ವಾಕ್ಯವನ್ನು ಎಲ್ಲೂ ಮುಗ್ಗರಿಸದೆ ದಾಟಿಸಿದ ಖುಷಿಯಲ್ಲಿ ಟೀಚರ್ ಮುಖ ನೋಡಿದಳು.

ಟೀಚರಿಗೂ ಖುಷಿಯಾಯಿತು. “ಲೈಸೆನ್ಸ್ ಸಿಕ್ತಾ? ಭೇಷ್! ಯಾವುದಕ್ಕೆ? ಲಾರಿ ಓಡಿಸೋದಕ್ಕಾ, ವೈನ್ ಮಾರೋದಕ್ಕಾ?”

“ಉಪವಾಸ ಬೀಳೋದಕ್ಕೆ ಲೈಸೆನ್ಸು ಟೀಚರ್, ಸರ್ಕಾರದ ಸೀಲ್ ಸಮೇತ,” ಎಂದು ಹಿಂದಿನ ಸಾಲಿನಿಂದ ಫಿರ್ಮಾಂ ಕೂಗಿದ. ರಿಟೈರಾದ ಪೋಸ್ಟ್‌ಮನ್ ಅವನು. ಊರಿನ ಒಂದೊಂದು ಮನೆಯ ಗುಟ್ಟೂ ಗೊತ್ತಿದ್ದವನು, ಒಂದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವನು. ಎಲ್ಲರೂ ಗೊಳ್ಳೆಂದು ನಕ್ಕರು. ಕಿಟಕಿಯ ಪಕ್ಕ ನೆಟ್ಟಗೆ ಕುಳಿತಿದ್ದ ಮದಾಮ್ ಲಾಕೂರ್ ಮಾತ್ರ ನಗಲಿಲ್ಲ.

ಫ್ರಾನ್ಸಿನ ಆ ಸಣ್ಣ ಊರಿನ ಪುರಸಭೆಯ ಮಹಡಿ ಮೇಲೆ ಪ್ರತಿ ಗುರುವಾರ ಸಂಜೆ ನಡೆಯುವ ಈ ಮೇಲ್ದರ್ಜೆಯ ಇಂಗ್ಲಿಷ್ ತರಗತಿಗೆ ನೋರಾ ಹೊಸ ಟೀಚರು. ಐರ್ಲೆಂಡಿನ ಹೆಣ್ಣು, ಊರಿನ ಬ್ರೆಡ್ಡಂಗಡಿಯವನನ್ನು ಮದುವೆಯಾಗಿ ಬಂದವಳು. ಯಾರ ಎದುರಿಗೆ ಯಾವ ಮಾತು ಎತ್ತಬಾರದು ಎಂಬ ಲೆಕ್ಕ ಅವಳಿಗಿನ್ನೂ ಹತ್ತಿರಲಿಲ್ಲ. ಈ ವಾರದ ಪಾಠ ದುಡ್ಡು, ಸಿರಿತನ, ಬಡತನ. ಹಲಗೆಯ ಎಡಕ್ಕೆ ಸಿರಿವಂತರ ಪದಗಳು, ಬಲಕ್ಕೆ ಬಡವರವು. ಬಲಗಡೆಯ ಸಾಲೇ ಉದ್ದವಾಗಿತ್ತು. ಆಗಲೇ ‘ರೆಂಟ್’ ಎಂಬ ಪದಕ್ಕೆ ಒಂದು ಜಗಳ ಮುಗಿದಿತ್ತು. ಫ್ರೆಂಚರ ಬಾಯಲ್ಲಿ ‘ರಾಂತ್’ ಎಂದರೆ ಕೂತಲ್ಲಿಗೆ ಬರುವ ವರಮಾನ. ಇಂಗ್ಲಿಷರಲ್ಲಿ ಅದೇ ಪದ ತಿಂಗಳು ತಿಂಗಳು ಕೈಬಿಟ್ಟು ಹೋಗುವ ಬಾಡಿಗೆ. “ನೋಡ್ರಪ್ಪಾ, ಸಮುದ್ರ ದಾಟೋವಷ್ಟರಲ್ಲಿ ಸಾಹುಕಾರ ಬಾಡಿಗೆದಾರ ಆಗೋದ,” ಎಂದು ಫಿರ್ಮಾಂ ಆಗಲೂ ನಗಿಸಿದ್ದ.

ಜೋಸಿಯಾನ್ ಮಾಡಿದ ತಪ್ಪೂ ಅದೇ ಜಾತಿಯದು. ಕೆಲಸದಿಂದ ತೆಗೆಯುವುದಕ್ಕೆ ಫ್ರೆಂಚಿನಲ್ಲಿ ‘ಲಿಸಾಂಸಿಯೆ’ ಎನ್ನುತ್ತಾರೆ. ಅವಳು ಅದಕ್ಕೇ ಇಂಗ್ಲಿಷಿನ ಕೋಟು ತೊಡಿಸಿ ನಿಲ್ಲಿಸಿದ್ದಳು. ವಿಷಯ ಅರ್ಥವಾದ ಮೇಲೆ ನೋರಾಳ ಮುಖ ಪೆಚ್ಚಾಯಿತು, ಆದರೆ ಪಾಠ ಹೇಳುವವರಿಗೆ ತಪ್ಪು ಕಂಡರೆ ಸುಮ್ಮನಿರಲಾಗುವುದಿಲ್ಲ.

“ನಿಮ್ಮಲ್ಲಿ ಕದ್ದು ಸಿಕ್ಕಿಬಿದ್ದವನನ್ನ ತೆಗೆದ್ರೂ ಅದೇ ಪದ, ಕಾರ್ಖಾನೆ ಮುಳುಗಿ ತೆಗೆದ್ರೂ ಅದೇ ಪದ. ನಮ್ಮಲ್ಲಿ ಹಾಗಲ್ಲ, ಎರಡಿದೆ.” ಸೀಮೆಸುಣ್ಣದಿಂದ ಎರಡನ್ನೂ ಬರೆದಳು. “ಸ್ಯಾಕ್ಡ್. ಅಂದ್ರೆ ಏನೋ ತಪ್ಪು ಮಾಡಿದ್ದಕ್ಕೆ ಓಡಿಸಿದ್ರು ಅಂತ. ಇನ್ನೊಂದು, ರಿಡಂಡೆಂಟ್. ನಿಮ್ಮ ತಪ್ಪೇನಿಲ್ಲ, ಕೆಲಸವೇ ಇಲ್ಲದೆ ಹೋಯ್ತು ಅಂತ. ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಈಗ ಹೇಳಿ ಜೋಸಿಯಾನ್: ನಾನು ರಿಡಂಡೆಂಟ್ ಆದೆ.”

ಜೋಸಿಯಾನ್ ಹೇಳಲಿಲ್ಲ. “ಆ ಪದ ನಮ್ಮಲ್ಲೂ ಇದೆ ಟೀಚರ್,” ಎಂದಳು, ಫ್ರೆಂಚಿನಲ್ಲಿ. “ರೆದೊಂದಾಂ. ನಮ್ಮ ಸ್ಕೂಲ್ ಮೇಷ್ಟ್ರು ಪ್ರಬಂಧದ ಪಕ್ಕದಲ್ಲಿ ಕೆಂಪು ಇಂಕಲ್ಲಿ ಬರೀತಿದ್ರು. ಇದು ದಂಡಕ್ಕೆ ಬಂದ ಸಾಲು, ಹೊಡೆದುಹಾಕು ಅಂತ. ಇಪ್ಪತ್ತೆಂಟು ವರ್ಷ ಕೈಗವಸಿಗೆ ಹೆಬ್ಬೆರಳು ಹೊಲಿದಿದೀನಿ. ಹೆಬ್ಬೆರಳು ಕೂರಿಸೋದು ಎಲ್ಲರ ಕೈಲಿ ಆಗೋ ಕೆಲಸ ಅಲ್ಲ. ನಾನು ಹೊಡೆದುಹಾಕೋ ಸಾಲಲ್ಲ.”

“ಅಯ್ಯೋ, ಇಂಗ್ಲಿಷಲ್ಲಿ ಕೆಲಸದ ಮಾತಿಗೆ ಆ ಅರ್ಥ ಬರಲ್ಲ…”

“ಅದು ನನ್ನ ಕಿವಿಗೆ ಗೊತ್ತಾಗಬೇಕಲ್ಲ.”

ಆಗ ಕಿಟಕಿಯ ಪಕ್ಕದಿಂದ ಮದಾಮ್ ಲಾಕೂರ್ ತಿರುಗಿದರು. ಕೈಗವಸಿನ ಕಾರ್ಖಾನೆ ಅವರದೇ. ಗಂಡ ಸತ್ತಮೇಲೆ ಅವರೇ ನಡೆಸಿ, ಅವರೇ ಮುಚ್ಚಿದ್ದರು. ಮುಚ್ಚಿದ ದಿನ ಎಲ್ಲರ ಮುಂದೆ ಅತ್ತು, ಪ್ರತಿಯೊಬ್ಬ ಹೆಂಗಸಿಗೂ ಒಂದೊಂದು ಜೊತೆ ಕೈಗವಸು ಉಡುಗೊರೆ ಕೊಟ್ಟಿದ್ದರು. ತಾವೇ ಹೊಲಿದ ಕೈಗವಸನ್ನು ಹೆಂಗಸರು ಥ್ಯಾಂಕ್ಸ್ ಹೇಳಿ ಈಸಿಕೊಂಡು ಮನೆಗೆ ಹೋಗಿದ್ದರು.

“ಜೋಸಿಯಾನ್, ಟೀಚರ್ ಹೇಳಿಕೊಟ್ಟ ಹಾಗೆ ಹೇಳು. ಯಾಕೆ ಸುಮ್ನೆ ಹಟ? ನಿನ್ನ ಕಾಗದದಲ್ಲೂ ಹಾಗೇ ಬರೆದಿದೀನಿ, ಆರ್ಥಿಕ ಕಾರಣ ಅಂತ.”

ಜೋಸಿಯಾನಳಿಗೆ ಅದೆಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಮೂರು ವರ್ಷ ಒಳಗೇ ಬೆಂದದ್ದು. ಫ್ರೆಂಚಿನಲ್ಲಾಗಿದ್ದರೆ ಅದು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಮದಾಮ್ ಎನ್ನುವಷ್ಟರಲ್ಲೇ ತಲೆ ಬಗ್ಗಿಹೋಗುತ್ತಿತ್ತು. ಇಂಗ್ಲಿಷು ಯಾರದೋ ಮನೆಯ ಪಾತ್ರೆ. ಒಡೆದರೆ ತನ್ನದೇನು ಹೋಗುತ್ತದೆ?

“ಯೂ ಸ್ಯಾಕ್ಡ್ ಮಿ,” ಎಂದಳು, ಮದಾಮ್ ಕಡೆ ಬೆರಳು ತೋರಿಸಿ. “ಯೂ.”

ನೋರಾ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದಳು. ಪಾಪ, ಅವಳಿಗೆ ಈಗ ಗೊತ್ತಾಯಿತು. ಮದಾಮ್ ಲಾಕೂರರ ಕುತ್ತಿಗೆ ಕೆಂಪಾಯಿತು, ಧ್ವನಿ ಮಾತ್ರ ಅಲುಗಲಿಲ್ಲ. ಪಾಠ ಒಪ್ಪಿಸುವ ಜಾಣ ಹುಡುಗಿಯಂತೆ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, “ಇಲ್ಲ. ವಿಧಿಯಿಲ್ಲದೆ ನಾನು ಆಕೆಯನ್ನು ರಿಡಂಡೆಂಟ್ ಮಾಡಬೇಕಾಯಿತು. ಸ್ಯಾಕ್ ಮಾಡಿದ್ದಲ್ಲ,” ಎಂದರು.

“ಅದ್ಭುತ!” ಎಂದುಬಿಟ್ಟಳು ನೋರಾ, ಅಭ್ಯಾಸಬಲದಿಂದ. ಅಂದದ್ದೇ ತಡ, ಕಿವಿಯವರೆಗೆ ಕೆಂಪಗಾಗಿ ಹಲಗೆ ಒರೆಸತೊಡಗಿದಳು.

ತರಗತಿ ಮುಗಿದ ಮೇಲೆ ಕೆಳಗೆ ಚೌಕದಲ್ಲಿ ಫಿರ್ಮಾಂ ಜೋಸಿಯಾನಳನ್ನು ಓಡಿಬಂದು ಹಿಡಿದ. “ಜೋಸಿ, ನಿನಗೇನು ತಲೆಗಿಲೆ ಕೆಟ್ಟಿದ್ಯಾ? ಶನಿವಾರ ಇಂಗ್ಲಿಷಿನವನು ಬರ್ತಾನೆ, ಇವತ್ತು ಹೋಗಿ ಆ ಅಮ್ಮನ ಬಾಲ ತುಳೀತೀಯಲ್ಲೇ!”

“ತುಳಿಯೋದೇನು, ಪಾಠ ಒಪ್ಪಿಸಿದೆ.”

“ಒಪ್ಪಿಸು, ಒಪ್ಪಿಸು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮನೆ ಬಿಡಿಸಿದ್ಮೇಲೆ ಎಲ್ಲಿ ಇರ್ತೀಯ? ಲಿಮೋಜ್‌ನಲ್ಲಿ ನಿನ್ನ ಮಗಳ ಆರನೇ ಮಹಡಿ ಸೋಫಾ ಮೇಲಾ?”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲಾಕೂರರ ದೊಡ್ಡ ಮನೆಯ ಗೇಟಿನ ಪಕ್ಕದ ಎರಡು ಕೋಣೆಯ ಮನೆ ಜೋಸಿಯಾನಳದು. ಅಂದರೆ ವಾಸಕ್ಕೆ ಅವಳದು, ಕಾಗದದಲ್ಲಿ ಲಾಕೂರರದು. ಗಂಡ ಅವರ ತೋಟದ ಮಾಲಿಯಾಗಿದ್ದಾಗ ಕೊಟ್ಟದ್ದು. ಅವನು ಹೋದಮೇಲೂ ಯಾರೂ ಬಿಡು ಎಂದಿರಲಿಲ್ಲ. ಈಗ ದೊಡ್ಡ ಮನೆ, ತೋಟ, ಗೇಟಿನ ಮನೆ ಎಲ್ಲವೂ ಒಟ್ಟಾಗಿ ಪೆಂಬರ್ಟನ್ ಎಂಬ ಇಂಗ್ಲಿಷಿನವನಿಗೆ ಮಾರಾಟವಾಗಿತ್ತು. ಮದಾಮ್ ಲಂಡನ್ನಿನ ಮಗಳ ಮನೆಗೆ ಹೊರಟಿದ್ದರು. ಅವರು ತರಗತಿಗೆ ಬರುತ್ತಿದ್ದದ್ದೂ ಅದಕ್ಕೇ. ಪೆಂಬರ್ಟನ್ನನಿಗೆ ಮನೆ ನೋಡಿಕೊಳ್ಳಲು ಇಂಗ್ಲಿಷ್ ಬಲ್ಲ ಒಬ್ಬ ಹೆಂಗಸು ಬೇಕಿತ್ತು. ಕೆಲಸ ಸಿಕ್ಕಿದವರಿಗೆ ಗೇಟಿನ ಮನೆ. “ನಿನ್ನ ವಿಷಯ ಹೇಳ್ತೀನಿ,” ಎಂದು ಮದಾಮ್ ತಾವಾಗಿಯೇ ಮಾತು ಕೊಟ್ಟಿದ್ದರು. ಅಂದಿನಿಂದ ಜೋಸಿಯಾನ್ ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಇಂಗ್ಲಿಷ್ ರೇಡಿಯೋ ಹಾಕಿಕೊಂಡು ಬಾಯಿ ಹೊರಳಿಸುತ್ತಿದ್ದಳು.

ಮರುದಿನ ಅಕ್ರೋಟಿನ ಕೇಕು ಮಾಡಿ ದೊಡ್ಡ ಮನೆಯ ಅಡುಗೆಮನೆ ಬಾಗಿಲಿಗೆ ಹೋದಳು. ಒಳಗೆಲ್ಲ ರಟ್ಟಿನ ಪೆಟ್ಟಿಗೆ, ಗೋಡೆಯ ಮೇಲೆ ಚಿತ್ರಗಳಿದ್ದ ಕಡೆ ಬಿಳಿ ಚೌಕಗಳು. ಮದಾಮ್ ಏಪ್ರನ್ ಕಟ್ಟಿಕೊಂಡು ತಾವೇ ಪಿಂಗಾಣಿಗೆ ಪೇಪರು ಸುತ್ತುತ್ತಿದ್ದರು. ಆ ಏಪ್ರನ್ನಿನಲ್ಲಿ ಅವರನ್ನು ಜೋಸಿಯಾನ್ ಕಂಡದ್ದು ಅದೇ ಮೊದಲು.

“ಮದಾಮ್, ನಿನ್ನೆ ನಾನು…”

“ಅಯ್ಯೋ, ಬಿಡೇ. ಪಾಠ ತಾನೇ ಅದು? ಅಲ್ಲಿ ಆಡಿದ್ದು ಅಲ್ಲಿಗೇ.” ಕೇಕನ್ನು ತೆಗೆದುಕೊಂಡು ಮೂಸಿದರು. “ಅಕ್ರೋಟು ಹುರಿದು ಹಾಕಿದೀಯ. ನಿನ್ನ ಕೈ ಕೈಯೇ.”

“ನಾಳೆ ಆ ಮಸ್ಯೂ ಪೆಂಬರ್ಟನ್…”

“ಬಾ. ಹತ್ತು ಗಂಟೆಗೆ. ನೀಲಿ ಸ್ಕರ್ಟ್ ಹಾಕ್ಕೊಂಡು ಬಾ, ಆ ಕಂದು ಬಣ್ಣದ್ದು ಬೇಡ.” ಆಮೇಲೆ ಒಂದು ಬಟ್ಟಲನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ನಿಂತರು. “ನಿನಗೆ ಅನ್ನಿಸುತ್ತೆ ಈ ಅಮ್ಮನಿಗೇನು ಅಂತ. ಮುತ್ತಜ್ಜನ ಕಾಲದ ಮನೆ ಮಾರಿ, ಮಗಳ ಮನೇಲಿ ಒಂದು ರೂಮಲ್ಲಿ ಬಿದ್ದಿರಬೇಕು. ಅಳಿಯ ಊಟಕ್ಕೆ ಕೂತಾಗ ನಾನು ಮಾತಾಡಿದ್ರೆ ಮುಖ ನೋಡ್ತಾನೆ. ನೋರಾ ಬರೆದ್ಲಲ್ಲ ಬಲಗಡೆ ಸಾಲಲ್ಲಿ ಕೊನೇ ಪದ, ಏನದು, ಡೆಸ್ಟಿಟ್ಯೂಟ್, ಗತಿಗೆಟ್ಟವಳು. ಅದೇ ನಾನು ಈಗ.”

ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಜೋಸಿಯಾನಳಿಗೆ ಅಯ್ಯೋ ಎನಿಸಿತು. ಎನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಈ ಮನೆಗೆ ಬಂದ ದುಡ್ಡು ಎಷ್ಟೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಪೇಪರು ತೆಗೆದುಕೊಂಡು, ಮಧ್ಯಾಹ್ನದವರೆಗೂ ಅವರ ಪಕ್ಕದಲ್ಲಿ ನಿಂತು ಪಿಂಗಾಣಿ ಸುತ್ತಿಕೊಟ್ಟಳು. ಹೊರಡುವಾಗ ಮದಾಮ್ ಅವಳ ಕೆನ್ನೆ ತಟ್ಟಿದರು. ಎಲ್ಲ ಸರಿಹೋಯಿತು ಎಂದುಕೊಂಡು ಜೋಸಿಯಾನ್ ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದಳು.

ಪೆಂಬರ್ಟನ್ ಒಳ್ಳೆಯ ಮನುಷ್ಯನಂತೆಯೇ ಕಂಡ. ಉದ್ದನೆಯ ಆಳು, ಹಲ್ಲಿನ ಡಾಕ್ಟರಾಗಿದ್ದು ರಿಟೈರಾದವನು. ಮಾತಾಡುವಾಗ ಎದುರಿನವರ ಕಣ್ಣು ಬಿಟ್ಟು ಬಾಯಿ ನೋಡುತ್ತಿದ್ದ. ಊಟದ ಕೋಣೆಯಲ್ಲಿ ಅವಳು ನಿಂತೇ ಇರುವುದನ್ನು ಕಂಡು ತಾನೇ ಎದ್ದು ಕುರ್ಚಿ ಎಳೆದುಕೊಟ್ಟ. ಆ ಮೇಜನ್ನು ಅವಳು ಎಷ್ಟೋ ಹಬ್ಬಗಳಲ್ಲಿ ಒರೆಸಿದ್ದಳು. ಕೂತದ್ದು ಇದೇ ಮೊದಲು.

ಮಾತೆಲ್ಲ ಇಂಗ್ಲಿಷಿನಲ್ಲಿ. ಬಾಯ್ಲರು ಕೈಕೊಟ್ಟರೆ ಯಾರನ್ನು ಕರೆಸುವುದು, ಚಳಿಗಾಲದಲ್ಲಿ ನೀರಿನ ಪೈಪು ಒಡೆಯದಂತೆ ಏನು ಮಾಡುವುದು, ಹಾಸಿಗೆಯ ಹೊದಿಕೆಗಳನ್ನು ಎಲ್ಲಿ ಒಗೆಸುವುದು, ಪಿಯರ್‌ನಂಥ ಹಣ್ಣು ಬಿಡುವ ಆ ಮರ ಯಾವುದು, ಆತ ಕೇಳಿದ, ಅವಳು ಹೇಳಿದಳು. ಅದು ಪಿಯರ್ ಅಲ್ಲ, ಕ್ವಿನ್ಸ್, ಹಸಿ ತಿಂದರೆ ಬಾಯಿ ಒಗರು, ಬೇಯಿಸಿ ಜೆಲ್ಲಿ ಮಾಡಿದರೆ ಅಮೃತ ಎಂದಾಗ ಆತ ನಕ್ಕ. ಮದಾಮ್ ಕೂಡ ಇಂಗ್ಲಿಷಿನಲ್ಲೇ ನಡುನಡುವೆ ಒಂದೊಂದು ಮಾತು ಸೇರಿಸುತ್ತಿದ್ದರು. ಇಂಗ್ಲಿಷಿನಲ್ಲಿ ನೀನು, ನೀವು, ತಾವು ಎಲ್ಲಕ್ಕೂ ಒಂದೇ ಪದ. ಪೆಂಬರ್ಟನ್ನನನ್ನು ಕರೆದ ಪದದಿಂದಲೇ ಮದಾಮ್ ಅವಳನ್ನೂ ಕರೆಯಬೇಕಾಗಿತ್ತು. ಅದು ಕಿವಿಗೆ ಬಿದ್ದಾಗಲೆಲ್ಲ ಜೋಸಿಯಾನಳಿಗೆ ಒಳಗೊಳಗೇ ಒಂದು ಸುಖ. ಬೆನ್ನು ತಾನಾಗಿ ಕುರ್ಚಿಗೆ ಒರಗಿತು.

“ಇಷ್ಟು ವರ್ಷ ಮದಾಮ್ ಹತ್ತಿರ ಕೆಲಸ ಮಾಡಿದೀರಿ,” ಎಂದ ಆತ, ಪ್ರಶ್ನೆಗಳೆಲ್ಲ ಮುಗಿದವು ಎಂಬ ಧಾಟಿಯಲ್ಲಿ. “ಯಾಕೆ ಬಿಟ್ಟಿರಿ?”

ಅವಳು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಮದಾಮ್ ಲಾಕೂರ್ ಹೇಳಿಬಿಟ್ಟರು.

“ಬಿಟ್ಟದ್ದಲ್ಲ. ಷೀ ವಾಸ್ ಸ್ಯಾಕ್ಡ್.”

ಮುಗುಳ್ನಗುತ್ತಲೇ ಹೇಳಿದರು. ಪೆಂಬರ್ಟನ್ನನ ಮುಖದ ಮೇಲಿದ್ದ ನಗು ಇನ್ನೂ ಹಾಗೇ ಇತ್ತು, ಆದರೆ ಅದರೊಳಗೆ ಯಾರೂ ಇರಲಿಲ್ಲ. ಆತನ ಕಣ್ಣು ಒಂದು ಕ್ಷಣ, ಒಂದೇ ಕ್ಷಣ, ಗೋಡೆಯ ಪಕ್ಕದ ಗಾಜಿನ ಬೀರುವಿನ ಕಡೆ ಹೋಗಿ ಬಂತು. ಅಲ್ಲಿ ಬೆಳ್ಳಿಯ ಚಮಚಗಳಿದ್ದವು.

ಆ ನೋಟವನ್ನು ಜೋಸಿಯಾನ್ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಆ ಕಾರ್ಖಾನೆಯಿಂದ ಒಂದು ಸೂಜಿ ಮನೆಗೆ ತಂದವಳಲ್ಲ. ಚರ್ಮದ ಚೂರನ್ನೂ ಕೇಳಿಯೇ ತಂದವಳು. ಅವಳು ಮದಾಮ್ ಕಡೆ ತಿರುಗಿದಳು. ಮದಾಮ್ ಬಹಳ ಶಾಂತವಾಗಿ ತಮ್ಮ ತೋಳಿನ ಮೇಲಿನ ಒಂದು ದಾರದ ಎಳೆ ತೆಗೆಯುತ್ತಿದ್ದರು. ತಪ್ಪಿ ಬಂದ ಮಾತಲ್ಲ ಅದು. ಗುರುವಾರ ಎರಡು ಪದವನ್ನೂ ತೂಗಿ ನೋಡಿ, ‘ಅದ್ಭುತ’ ಅನ್ನಿಸಿಕೊಂಡವರು. ಆ ಪದವನ್ನು ಆರಿಸಿ, ಹೊಳಪು ಹಚ್ಚಿ ಅವರ ಕೈಗೆ ಕೊಟ್ಟವಳು ತಾನೇ. ತನ್ನ ಬೆರಳಿಂದ ತನ್ನ ಕಣ್ಣಿಗೇ ತಿವಿದುಕೊಂಡಂತಾಗಿತ್ತು.

ಎದ್ದುಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಅದರಾಚೆ ಅಂಗಳ, ಅಂಗಳದ ಕೊನೆಗೆ ಅವಳ ಮನೆಯ ಹೆಂಚು, ಅವಳೇ ಹಸಿರು ಬಣ್ಣ ಬಳಿದ ಕಿಟಕಿಯ ರೆಕ್ಕೆಗಳು. ಆರನೇ ಮಹಡಿಯ ಸೋಫಾ ಕಣ್ಣ ಮುಂದೆ ಬಂತು. ಮಗಳು ಬೇಡ ಎನ್ನುವವಳಲ್ಲ, ಆದರೆ ಬಾ ಎಂದು ಒಮ್ಮೆಯೂ ಕರೆದಿರಲಿಲ್ಲ.

“ಇಲ್ಲ ಸರ್,” ಎಂದಳು. “ನಾನು ಸ್ಯಾಕ್ಡ್ ಅಲ್ಲ. ನಾನು… ರಿಡಂಡೆಂಟ್.”

“ಏನಂದಿರಿ?”

“ರಿಡಂಡೆಂಟ್,” ಎಂದಳು ಮತ್ತೆ, ಗಟ್ಟಿಯಾಗಿ, ಒಂದೊಂದಕ್ಷರ ಬಿಡಿಸಿ. “ಹೆಚ್ಚಾದವಳು. ಬೇಡವಾದವಳು.”

“ಓಹ್!” ಪೆಂಬರ್ಟನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಉಸಿರು ಬಿಟ್ಟದ್ದು ಕೇಳಿಸಿತು. “ರಿಡಂಡೆಂಟ್! ಹಾಗನ್ನಿ ಮತ್ತೆ. ಪಾಪ, ಎಷ್ಟು ಕಷ್ಟವಾಯಿತೋ ನಿಮಗೆ. ನನ್ನ ತಮ್ಮನದೂ ಅದೇ ಕಥೆ.”

“ಹೌದೌದು, ಅದೇ ಪದ,” ಎಂದರು ಮದಾಮ್, ಹಣೆಗೆ ಕೈ ಹಚ್ಚಿ. “ಕ್ಷಮಿಸಿ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ.”

ಆಮೇಲೆ ಎಲ್ಲವೂ ಬೇಗ ಬೇಗ ಮುಗಿಯಿತು. ಕೆಲಸ ಅವಳಿಗೇ. ಗೇಟಿನ ಮನೆ ಅವಳಿಗೇ. ಬೇಕಾದರೆ ಬಣ್ಣ ಹೊಡೆಸಿಕೊಡುತ್ತೇನೆ ಎಂದ. ಜೋಸಿಯಾನ್ ತಲೆಯಾಡಿಸಿದಳು. ಸಂತೋಷಪಡಬೇಕು ಎಂದು ಗೊತ್ತಿತ್ತು. ಸಂತೋಷವಿನ್ನೂ ಬಂದಿರಲಿಲ್ಲ, ದಾರಿಯಲ್ಲಿರಬಹುದು ಎಂದುಕೊಂಡಳು.

“ಆದರೆ ಒಂದು ಷರತ್ತು,” ಎಂದು ಪೆಂಬರ್ಟನ್ ಬೆರಳೆತ್ತಿದ, ತುಂಟ ಹುಡುಗನ ಹಾಗೆ. “ನಿಮ್ಮ ಇಂಗ್ಲಿಷು ಚೆನ್ನಾಗಿದೆ, ನನ್ನ ಹೆಂಡತಿಗೆ, ಬರುವ ನೆಂಟರಿಗೆ ಬೇಕಾಗುತ್ತದೆ. ನನ್ನ ಹತ್ತಿರ ಮಾತ್ರ ಇವತ್ತಿನಿಂದ ಬರೀ ಫ್ರೆಂಚು. ಇಲ್ಲಿ ಬಾಳಬೇಕಾದವನು ಕಲಿಯಬೇಕಲ್ಲ?” ಗಂಟಲು ಸರಿಮಾಡಿಕೊಂಡು, ಸ್ಕೂಲಿನಲ್ಲಿ ಕಲಿತು ಮರೆತದ್ದನ್ನು ನೆನೆಸಿಕೊಂಡು, ಅವಳ ಮುಖ ನೋಡಿ ಪ್ರೀತಿಯಿಂದಲೇ ಕೇಳಿದ:

“ನೀನು… ಸಂತೋಷ… ಇದ್ದೀಯ?”

ಫ್ರಾನ್ಸಿನಲ್ಲಿ ಹಾಗೆ ನೀನು ಎನ್ನುವುದು ಮಕ್ಕಳಿಗೆ, ನಾಯಿಗೆ, ಹಾಸಿಗೆ ಹಂಚಿಕೊಂಡವರಿಗೆ, ಬಾಲ್ಯದ ಗೆಳೆಯರಿಗೆ. ಇಲ್ಲವಾದರೆ ಮದಾಮ್ ಲಾಕೂರ್ ತಮ್ಮ ಕೆಲಸದವಳಿಗೆ ಎನ್ನುವ ಹಾಗೆ. ಪೆಂಬರ್ಟನ್ನನಿಗೆ ಅದೊಂದೂ ಗೊತ್ತಿರಲಿಲ್ಲ. ಆತ ಮದಾಮ್ ಕಡೆ ತಿರುಗಿ, “ಸರಿಯಾಗಿ ಹೇಳಿದೆನಾ?” ಎಂದ.

ಮದಾಮ್ ಲಾಕೂರ್ ಯಾರ ತಪ್ಪನ್ನೂ ಬಿಟ್ಟವರಲ್ಲ. ಮಾಂಸದಂಗಡಿಯ ಬೋರ್ಡಿನಲ್ಲಿ ಒಂದಕ್ಷರ ಬಿಟ್ಟುಹೋಗಿದ್ದಕ್ಕೆ ಅಂಗಡಿಯವನನ್ನು ಹೊರಗೆ ಕರೆಸಿ ತೋರಿಸಿದವರು, ಪಾದ್ರಿಯ ಪ್ರವಚನ ಮುಗಿದ ಮೇಲೆ ವ್ಯಾಕರಣ ತಿದ್ದಿದವರು. ಜೋಸಿಯಾನ್ ಅವರ ಮುಖವನ್ನೇ ನೋಡಿದಳು. ಹೇಳಿ ಮದಾಮ್, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಇದೊಂದನ್ನು ಹೇಳಿ.

ಮದಾಮ್ ಕೂಡ ಅವಳನ್ನು ನೋಡಿದರು.

“ಪರ್ಫೆಕ್ಟ್,” ಎಂದರು. “ಒಂದಕ್ಷರವೂ ತಪ್ಪಿಲ್ಲ.”

ಪೆಂಬರ್ಟನ್ ಹಿಗ್ಗಿದ. ಜೋಸಿಯಾನ್ ಕುರ್ಚಿಯಿಂದ ಎದ್ದು, ಅದನ್ನು ಮೇಜಿನಡಿ ಸರಿಯಾಗಿ ತಳ್ಳಿದಳು.

“ಹೌದು ಮಸ್ಯೂ, ಸಂತೋಷವಾಗಿದೀನಿ,” ಎಂದಳು ಫ್ರೆಂಚಿನಲ್ಲಿ. “ನಿಮಗೆ ಕಾಫಿ ತರ್ತೀನಿ.”

ಅಡುಗೆಮನೆಯಲ್ಲಿ ಪೆಟ್ಟಿಗೆಗೆ ಹೋಗದೆ ಉಳಿದಿದ್ದ ಬಟ್ಟಲುಗಳು ಮೂರೇ. ಕಾಫಿ ಒಲೆಯ ಮೇಲಿಟ್ಟು, ಮೂರನ್ನೂ ತೊಳೆದು ಟ್ರೇಯಲ್ಲಿ ಜೋಡಿಸಿದಳು. ಊಟದ ಕೋಣೆಯಿಂದ ಮದಾಮ್ ಲಾಕೂರರ ನಿಧಾನದ ಸ್ಪಷ್ಟ ಧ್ವನಿ ಕೇಳುತ್ತಿತ್ತು, ಅದರ ಹಿಂದೆಯೇ ಹಲ್ಲಿನ ಡಾಕ್ಟರನ ತೊದಲು. “ನೀನು ಬಾ.” “ನೀನು ಬಾ.” “ನೀನು ಗುಡಿಸು.” “ನೀನು ಗುಡಿಸು.” ಕಾಫಿ ಕುದಿದು ಮೇಲೆ ಬಂತು. ಜೋಸಿಯಾನ್ ಒಲೆ ಆರಿಸಿದಳು. ಆಮೇಲೆ ಟ್ರೇಯಿಂದ ತನಗೆಂದು ಇಟ್ಟಿದ್ದ ಬಟ್ಟಲನ್ನು ಎತ್ತಿ, ತನ್ನ ನೀಲಿ ಸ್ಕರ್ಟಿನಲ್ಲೇ ಒರೆಸಿ, ಖಾಲಿ ಕಪಾಟಿನ ಮೇಲಿನ ಹಲಗೆಯ ಮೇಲೆ ಬೋರಲಾಗಿ ಇಟ್ಟಳು.